ಇಂಟರ್ವಲ್ಲಿಗೆ ಎದ್ದು ಹೋದವರು

ಮೌಂಟ್ ರೋಡಿನಲ್ಲಿ ದೋಣಿ ಬಿಟ್ಟವನು ನಾನು. ಮಳೆ ಬಂದು ರಸ್ತೆ ತುಂಬಿದಾಗ ಅಲ್ಲ. ಡಾಂಬರು ಕರಗಿ ಚಪ್ಪಲಿಗೆ ಅಂಟುವ ಬಿರುಬಿಸಿಲಿನಲ್ಲಿ. ಟ್ರಿಪ್ಲಿಕೇನ್ ಕಡಲತೀರದ ಮೀನುಗಾರರ ಕೈಕಾಲು ಹಿಡಿದು ಒಂದು ಹಳೆಯ ದೋಣಿ ತಂದು, ಎತ್ತಿನ ಗಾಡಿಯ ಮೇಲೆ ಹಗ್ಗ ಹಾಕಿ ಬಿಗಿದೆ. ಗಾಡಿ ಮುಚ್ಚಿಹೋಗುವಂತೆ ಸುತ್ತಲೂ ನೀಲಿ ಬಟ್ಟೆ ಇಳಿಬಿಟ್ಟೆ. ದೋಣಿಯೊಳಗೆ ಯಾರೂ ಇಲ್ಲ, ಹಾಡುಹಗಲಲ್ಲಿ ಹಚ್ಚಿಟ್ಟ ಒಂದು ಲಾಟೀನು ಮಾತ್ರ. ಮುಂದೆ ಬ್ಯಾಂಡಿನವರು. ದೂರದಿಂದ ನೋಡಿದರೆ ಬಸ್ಸು, ಜಟಕಾ, ಜನರ ನಡುವೆ ಎತ್ತುಗಳೂ ಕಾಣುತ್ತಿರಲಿಲ್ಲ. ತಲೆಗಳ ಮೇಲೆ ಒಂದು ಖಾಲಿ ದೋಣಿ ತನ್ನ ಪಾಡಿಗೆ ತಾನು ತೇಲಿ ಬರುತ್ತಿತ್ತು. ನನಗೆ ಅದನ್ನು ನೋಡಿ ಎಷ್ಟು ಖುಷಿಯಾಯಿತೆಂದರೆ, ನೋಟೀಸು ಹಂಚುವುದನ್ನೇ ಮರೆತು ರಸ್ತೆ ಬದಿಯಲ್ಲಿ ಬಾಯಿಬಿಟ್ಟುಕೊಂಡು ನಿಂತಿದ್ದೆ.

ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಾಕಿ ಗಾಡಿ ನಿಲ್ಲಿಸಿದ. ದೋಣಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಎನ್ನಯ್ಯಾ ಇದು? ಕಡಲ್ ಅಂದ ಪಕ್ಕಂ ಇರುಕ್ಕು" ಅಂದ. ಸಮುದ್ರ ಆ ಕಡೆ ಇದೆಯಂತೆ. ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಬಟ್ಟೆಯ ಮೇಲೆ ದೊಡ್ಡದಾಗಿ ಬರೆಸಿದ್ದ ಕನ್ನಡ ಅಕ್ಷರಗಳನ್ನು ತೆಲುಗೆಂದು ಓದಲು ಹೋದ ಇಬ್ಬರು ಅರ್ಧದಲ್ಲೇ ಸಿಕ್ಕಿಕೊಂಡು, ನನ್ನ ಬಳಿ ಬಂದು, ಇದು ಯಾವ ಊರಿನ ತೆಲುಗು ಎಂದು ವಿಚಾರಿಸಿದರು. ಮಧ್ಯಾಹ್ನದ ಹೊತ್ತಿಗೆ ಮೀನುಗಾರರು ಓಡಿಬಂದು, ತೀರದ ಹತ್ತಿರ ಮೀನು ಬಂದಿದೆ, ದೋಣಿ ಈಗಲೇ ಬೇಕು ಎಂದು ಹಗ್ಗ ಬಿಚ್ಚಿಕೊಂಡು ಹೋದರು. ಸಂಜೆ ಥಿಯೇಟರಿಗೆ ಹೋಗಿ ಕೇಳಿದರೆ ಟಿಕೆಟ್ಟಿಗೆಂದು ಒಬ್ಬ ನರಪಿಳ್ಳೆಯೂ ಬಂದಿರಲಿಲ್ಲ.

ಇಷ್ಟೆಲ್ಲ ಸರ್ಕಸ್ಸು ಒಬ್ಬ ಮನುಷ್ಯನ ಎರಡನೇ ಚಿತ್ರಕ್ಕಾಗಿ. ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದರಾಸಿನ ಕೋಡಂಬಾಕ್ಕಂನಲ್ಲೇ. ನಮ್ಮ ನಿರ್ದೇಶಕರು ಮೈಸೂರಿನ ಕಡೆಯವರು. ಬೇರೆಯವರ ಕೈಕೆಳಗೆ ಹತ್ತು ಹನ್ನೆರಡು ವರ್ಷ ಕ್ಲಾಪ್ ಹೊಡೆದು, ನಟರಿಗೆ ಮಾತು ಹೇಳಿಕೊಟ್ಟು, ಎಲ್ಲರಿಂದಲೂ ಬೈಸಿಕೊಂಡು, ಕೊನೆಗೆ ನಲವತ್ತು ದಾಟುವಾಗ ತಮ್ಮದೇ ಒಂದು ಚಿತ್ರ ತೆಗೆದಿದ್ದರು. ಚಿತ್ರದ ಹೆಸರು ಬೇಡ ಬಿಡಿ. ಕಥೆ ಸರಳ. ಮದುವೆಯಾಗಿ ದೂರ ಹೋದ ಹೆಣ್ಣೊಬ್ಬಳು ಎಂಟು ವರ್ಷ ತವರಿನ ಮುಖ ಕಂಡಿಲ್ಲ. ಒಂದು ದಿನ ಯಾರಿಗೂ ಹೇಳದೆ ನಡೆದೇ ಹೊರಡುತ್ತಾಳೆ. ಹೊಳೆಯ ದಡ ಮುಟ್ಟುವಾಗ ಸಂಜೆ. ಹೊಳೆ ತುಂಬಿದೆ, ಆಚೆ ದಡದಲ್ಲಿ ಅಮ್ಮನ ಮನೆಯ ದೀಪ ಕಾಣುತ್ತಿದೆ. ದೋಣಿಗಾಗಿ ಕೂಗುತ್ತಾಳೆ. ದೋಣಿ ಬರುವುದಿಲ್ಲ. ಕಾದು ಕಾದು ಕಡೆಗೆ ನೀರಿಗೆ ಇಳಿಯುತ್ತಾಳೆ. ದಡ ಸೇರುವುದಿಲ್ಲ.

ಮುಂದಿನ ಚಿತ್ರಕ್ಕೆ ಬೆನ್ನಿಗೆ ನಿಲ್ಲಬೇಕಾಗಿದ್ದವರು ಒಬ್ಬ ವಿತರಕರು. ಬಳ್ಳಾರಿ ಕಡೆಯವರು, ಸೌಕಾರ್‌ಪೇಟೆಯಲ್ಲಿ ಜವಳಿ ಮಳಿಗೆ ಇಟ್ಟು ಜೊತೆಗೆ ಚಿತ್ರಗಳನ್ನೂ ಹಂಚುತ್ತಿದ್ದರು. ಹಣೆ ತುಂಬ ವಿಭೂತಿ, ಮೆಲುಮಾತು. ಅವರಿಗೆ ಚಿತ್ರ ಹಿಡಿಸಿತ್ತು, ಕೊನೆ ಹಿಡಿಸಿರಲಿಲ್ಲ.

"ಎಲ್ಲಾ ಛಲೋ ಅದ. ಆದ್ರ ಆಕಿನ್ನ ಯಾಕ್ ಮುಳುಗಸ್ತೀರಿ?" ಎಂದು ನಿರ್ದೇಶಕರನ್ನು ನನ್ನೆದುರಿಗೇ ಕೇಳಿದರು. "ದಡಾ ಮುಟ್ಟಿಸ್ರಿ. ತಾಯಿ ಮಗಳು ಅಪ್ಪಿಕೊಳ್ಳೋದು ಒಂದೀಟು ತಗದು ಹಚ್ರಿ. ನಾಳೇನೇ ನಿಮ್ಮ ಎರಡನೇ ಪಿಕ್ಚರಿಗೆ ಮುಹೂರ್ತ ಇಡೋಣು."

"ಅವಳು ಸೇರೋದಿಲ್ಲ ಸಾಹುಕಾರ್ರೇ" ಅಂದರು ನಿರ್ದೇಶಕರು. ಅಷ್ಟೇ ಅಂದದ್ದು. ನಾನು ಕೆಳಗಿನಿಂದ ಅವರ ಕಾಲು ತುಳಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ವಿತರಕರು ಸಿಟ್ಟಾಗಲಿಲ್ಲ. ಹಾಗಾದರೆ ಈ ಕೊನೆಯನ್ನೇ ಇಟ್ಟುಕೊಂಡು ಇದೇ ಮದರಾಸಿನಲ್ಲಿ ಒಂದು ಹೌಸ್‌ಫುಲ್ ಆಟ ತೋರಿಸಿ, ಎರಡನೇ ಚಿತ್ರ ನನ್ನದು ಎಂದರು. "ಊರಾಗ ಓಡ್ತು ಅಂತ ಕಾಗದ ಬರೀತಾರ, ನಾ ನಂಬೂದಿಲ್ಲ. ನನ್ನ ಕಣ್ಣಿಗೆ ಕಾಣಬೇಕು." ಮೌಂಟ್ ರೋಡಿನ ಹಿಂದಿನ ಒಂದು ಥಿಯೇಟರಿನವರು ಭಾನುವಾರ ಬೆಳಿಗ್ಗೆ ಒಂಬತ್ತರ ಆಟವೊಂದನ್ನು ನಮಗೆ ಬಿಟ್ಟುಕೊಟ್ಟರು. ಎರಡು ವಾರ ಕೈಯಲ್ಲಿತ್ತು. ಹಾಲು ತುಂಬಿಸುವ ಕೆಲಸ ಪ್ರಚಾರ ವಿಭಾಗದ್ದು. ಪ್ರಚಾರ ವಿಭಾಗವೆಂದರೆ ನಾನು, ನನ್ನ ಸೈಕಲ್ಲು ಮತ್ತು ಒಂದು ಬಕೆಟ್ ಗೋಂದು.

ದೋಣಿ ಮುಳುಗಿದ ಮೇಲೆ ನಾನು ಹಲ್ವಕ್ಕೆ ಕೈ ಹಾಕಿದೆ. ಟ್ರಿಪ್ಲಿಕೇನಿನಲ್ಲಿ ನನ್ನ ಸೋದರಮಾವನ ಹೋಟೆಲಿತ್ತು. ಕುಂದಾಪುರದ ಕಡೆಯ ನಮ್ಮಂಥವರ ಇಂಥ ಹೋಟೆಲುಗಳು ಆ ಸುತ್ತಿನಲ್ಲಿ ಬೇಕಾದಷ್ಟು. ಮಾವನಿಗೆ ಹೇಳಿ, ದಿನಾ ಮಾಡುತ್ತಿದ್ದ ಕಾಶಿಹಲ್ವಕ್ಕೆ ನಮ್ಮ ಚಿತ್ರದ ಹೆಸರು ಇಡಿಸಿದೆ. ಬೋರ್ಡಿನ ಮೇಲೆ ಕನ್ನಡ, ತಮಿಳು ಎರಡರಲ್ಲೂ ಬರೆಸಿದೆ. ಪಾರ್ಸೆಲ್ ಕಟ್ಟುವ ಎಲೆಯ ಹೊರಗೆ ಸುತ್ತುವ ಕಾಗದ ನಮ್ಮ ನೋಟೀಸೇ. ತುಪ್ಪದ ಜಿಡ್ಡು ಹತ್ತಿ ಹೊಳೆಯ ಚಿತ್ರ ಇನ್ನಷ್ಟು ಮಿರುಗುತ್ತಿತ್ತು. ನಾಲ್ಕೇ ದಿನದಲ್ಲಿ ಗಿರಾಕಿಗಳು ಬಾಗಿಲಲ್ಲೇ "ಅಂದ ಸಿನಿಮಾ ಅಲ್ವಾ ಇರುಕ್ಕಾ?" ಎಂದು, ಆ ಸಿನಿಮಾ ಹಲ್ವ ಇದೆಯೇ ಎಂದು, ಕೇಳತೊಡಗಿದರು. ಹತ್ತು ಗಂಟೆಗೆ ತಟ್ಟೆ ಖಾಲಿ. ತಮಿಳರ ಮನೆಮನೆಗೂ ನಮ್ಮ ಹೊಳೆ ಹರಿದು ಹೋಯಿತು, ಹಲ್ವ ತಿಂದವರು ಕಾಗದ ಬಿಸಾಡಿ ಕೈ ತೊಳೆದುಕೊಂಡರು.

ಮಾವ ಗಲ್ಲಾದ ಹಿಂದಿನಿಂದ ನನ್ನನ್ನು ನೋಡಿ ನಕ್ಕರು. "ಹಲ್ವ ಲಾಯ್ಕ್ ಓಡ್ತಾ ಇತ್ತ್ ಅಳಿಯಾ. ನಿನ್ ಸಿನಿಮಾ ಎಲ್ಲಿಗೆ ಮುಟ್ಟಿತ್ತಾ?"

ನನಗೆ ಅಳುವುದೊಂದು ಬಾಕಿ. ಆಟಕ್ಕೆ ಇನ್ನು ಐದೇ ದಿನ. ಮಧ್ಯಾಹ್ನ ಮೂರರ ಹೊತ್ತು, ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲಿನ ಆ ಒಂದು ಗಳಿಗೆಯಲ್ಲಿ ಮದರಾಸಿನ ಹೋಟೆಲುಗಳು ನಿದ್ದೆಗಣ್ಣಲ್ಲಿ ಇರುತ್ತವೆ. ಅಡುಗೆಮನೆಯಲ್ಲಿ ಒಲೆಗಳ ಬೆಂಕಿ ಕೆಳಗಾಗಿತ್ತು. ಗವಾಕ್ಷಿಯಿಂದ ಬಿದ್ದ ಬಿಸಿಲಿನಲ್ಲಿ ಉಳಿದ ಹಬೆ ನಿಧಾನವಾಗಿ ಮೇಲೆ ಹೋಗುತ್ತಿತ್ತು. ಹಾಸಿದ ಗೋಣಿಗಳ ಮೇಲೆ ಮಲಗಿದವರು, ಗೋಡೆಗೆ ಒರಗಿದವರು, ಎಲ್ಲರೂ ನಮ್ಮೂರ ಕಡೆಯವರೇ. ನಾನು ಅಲ್ಲೇ ಮಣೆಯ ಮೇಲೆ ಕೂತು ಉಳಿದ ನೋಟೀಸುಗಳಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ.

ದೋಸೆಕಲ್ಲಿನ ಭಟ್ಟರು ನನ್ನ ಕೈಯಿಂದ ಒಂದು ನೋಟೀಸು ಎಳೆದುಕೊಂಡರು. ದೂರ ಹಿಡಿದು ನೋಡಿದರು. "ಹೋಯ್, ಈ ಹೊಳಿ ನಮ್ಮೂರ್ ಬದಿದಲ್ದಾ?"

ಹೌದು, ಹೊರಾಂಗಣವೆಲ್ಲ ಕುಂದಾಪುರದ ಹತ್ತಿರವೇ ತೆಗೆದದ್ದು ಅಂದೆ. ಗೋಣಿಯ ಮೇಲೆ ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಕೂತರು. ನೋಟೀಸು ಕೈಯಿಂದ ಕೈಗೆ ಹೋಯಿತು. ಊಟ ಬಡಿಸುವವರಲ್ಲಿ ಹಿರಿಯ ಒಬ್ಬರಿದ್ದರು, ನನಗಿಂತ ಎಷ್ಟೋ ದೊಡ್ಡವರು, ಹೆಗಲ ಮೇಲೆ ಸದಾ ಒಂದು ಒದ್ದೆ ಪಂಚೆ. ಊರಿಗೆ ಹೋಗಿ ಆರು ವರ್ಷವಾಗಿತ್ತು. ಪ್ರತಿ ಸಲವೂ ಏನಾದರೊಂದು ಅಡ್ಡ ಬರುತ್ತಿತ್ತು. ಅವರು ನೋಟೀಸಿನಲ್ಲಿದ್ದ ಹೊಳೆಯ ಮೇಲೆ ಬೆರಳಿಟ್ಟು, "ಇದ್ ಸಿನಿಮಾದಂಗೆ ಹರೀತಾ ಕಾಣತ್ತಾ? ನೀರ್ ಹಂದತ್ತಾ?" ಎಂದು ಕೇಳಿದರು. ಸಿನಿಮಾದಲ್ಲೂ ಹರಿಯುತ್ತದೆ, ನೀರು ಅಲುಗುವುದೂ ಕಾಣುತ್ತದೆ ಅಂದೆ. ಅವರು ಸುಮ್ಮನೆ ತಲೆಯಾಡಿಸಿದರು.

"ಸಿನಿಮಾ ಕಾಂಬೋರೆಲ್ಲ ಒಳಗಿದ್ದೊ. ನೀವ್ ಹೊರಗೆ ಬೀದಿಯಂಗೆ ದೋಣಿ ಬಿಡ್ತ್ರಿ" ಅಂದರು ಭಟ್ಟರು. "ನಿಮ್ಗೆ ಎಂತ ಮರ್ಲಾ?"

"ಹಾಂಗಾರೆ ಆಯ್ತವಾರ ಬೆಳಿಗ್ಗೆ ಬನ್ನಿ ಭಟ್ರೆ, ಎಲ್ಲ ಒಟ್ಟಿಗೆ ಬನ್ನಿ!"

ಎಲ್ಲರೂ ಒಟ್ಟಿಗೆ ನಕ್ಕುಬಿಟ್ಟರು. ನಾನೊಬ್ಬ ಹೋಟೆಲಿನವನ ಅಳಿಯ, ಹುಟ್ಟಿದಂದಿನಿಂದ ಆ ಹೊಗೆ ಕುಡಿದವನು, ಮದರಾಸಿನ ಕನ್ನಡಿಗರೆಲ್ಲ ಹೋಟೆಲಿನ ಒಳಗಿರುವಾಗ ಭಾನುವಾರ ಬೆಳಗಿನ ಆಟಕ್ಕೆ ಒಪ್ಪಿಕೊಂಡು ಬಂದಿದ್ದೆ! ವಾರದಲ್ಲೇ ಹೋಟೆಲಿಗೆ ಹೆಚ್ಚು ಜನ ನುಗ್ಗುವ ಹೊತ್ತು ಅದು. ಥಿಯೇಟರಿನ ಮ್ಯಾನೇಜರ ಹತ್ತಿರ ಓಡಿದೆ, ಮಧ್ಯಾಹ್ನದ ಆಟ ಕೊಡಿ ಎಂದು ಗೋಗರೆದೆ. ಅವರ ತಮಿಳು ಚಿತ್ರ ತುಂಬಿ ಓಡುತ್ತಿತ್ತು. "ಕಾಲೈ ಒಂಬದು ಮಣಿ, ಅದ್ದಾನ್" ಎಂದು ಬೆನ್ನು ತಿರುಗಿಸಿದರು. ಬೆಳಿಗ್ಗೆ ಒಂಬತ್ತು, ಅಷ್ಟೆ.

ಮರುದಿನ ಮೂರು ಗಂಟೆಗೆ ಮಾವ ಅಕ್ಕಪಕ್ಕದ ಹೋಟೆಲುಗಳ ಯಜಮಾನರನ್ನು ಮಹಡಿಗೆ ಕರೆಸಿದರು. ನಮ್ಮ ಹೋಟೆಲುಗಳ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಒಂದೇ ಅಡುಗೆಮನೆಯಾದರೂ ತಿಂಡಿಯ ಕಡೆ ಬೇರೆ, ಊಟದ ಕಡೆ ಬೇರೆ. ತಿಂಡಿಯವರು ಕತ್ತಲಿರುವಾಗ ಎದ್ದು ಹತ್ತು ಗಂಟೆಗೆ ಕೈ ತೊಳೆಯುತ್ತಾರೆ. ಊಟ ಬಡಿಸುವವರ ಕೆಲಸ ಹತ್ತೂವರೆಗೆ ಶುರು. ಇವರು ಅವರ ಸೌಟು ಮುಟ್ಟುವುದಿಲ್ಲ, ಅವರು ಇವರ ಕಲ್ಲಿನ ಹತ್ತಿರ ಸುಳಿಯುವುದಿಲ್ಲ. ಮುಟ್ಟಿದರೆ ಮಹಾಭಾರತ. ಆದ್ದರಿಂದ ಒಬ್ಬರ ಬದಲು ಇನ್ನೊಬ್ಬರನ್ನು ನಿಲ್ಲಿಸಿ ಎಲ್ಲರನ್ನೂ ಆಟಕ್ಕೆ ಕಳಿಸುವುದು ಕನಸಿನ ಮಾತು.

ಯಜಮಾನರು ಎಲೆಯಡಿಕೆ ಹಾಕಿಕೊಂಡು ತಲೆಯಾಡಿಸಿದರು. ಆಗುವ ಹೋಗುವ ಮಾತಲ್ಲ ಅಂದರು. ನಾನು ಕಿಟಕಿಯಿಂದ ಕೆಳಗೆ ನೋಡುತ್ತ ಕೂತಿದ್ದೆ. ಹತ್ತು, ಹತ್ತೂವರೆ ಎಂಬ ಎರಡು ಹೊತ್ತುಗಳು ತಲೆಯಲ್ಲಿ ಸುತ್ತುತ್ತಿದ್ದವು. ಒಂಬತ್ತಕ್ಕೆ ಆಟ ಶುರುವಾದರೆ ಏಳನೇ ರೀಲು ಮುಗಿದು ಇಂಟರ್ವಲ್ ಬೀಳುವುದು ಹತ್ತು ಗಂಟೆ ಹತ್ತು ನಿಮಿಷಕ್ಕೆ. ಇಂಟರ್ವಲ್ಲಿಗೆ ಹೊರಗೆ ಹೋಗುವವರಿಗೆ ಥಿಯೇಟರಿನವರು ಒಂದು ಔಟ್‌ಪಾಸ್ ಚೀಟಿ ಕೊಡುತ್ತಾರೆ, ಅದನ್ನು ತೋರಿಸಿದವರನ್ನು ಮತ್ತೆ ಒಳಗೆ ಬಿಡುತ್ತಾರೆ. ಚೀಟಿಯ ಮೇಲೆ ಯಾರ ಮುಖವೂ ಇರುವುದಿಲ್ಲ.

"ಮಾವ," ಅಂದೆ, "ಊಟದವ್ರ್ ಮೊದಲರ್ಧ ಕಾಣ್ಲಿ, ತಿಂಡಿಯವ್ರ್ ಕಡಿ ಅರ್ಧ ಕಾಣ್ಲಿ."

ಮಾವ ಕವಳ ಉಗಿದು ಬಂದು, "ಉಳಿದರ್ಧ?" ಎಂದು ಕೇಳಿದರು.

"ಒಬ್ರಿಗೊಬ್ರ್ ಹೇಳ್ಕಂಬುದ್."

ಯಜಮಾನರೊಬ್ಬರು ಬಿದ್ದು ಬಿದ್ದು ನಕ್ಕರು. ನಕ್ಕವರೇ ಮೊದಲು ಒಪ್ಪಿದರು.

ಉಳಿದದ್ದು ನಿರ್ದೇಶಕರ ಒಪ್ಪಿಗೆ. ನನಗೆ ಭಯವಿದ್ದದ್ದು ಅಲ್ಲೇ. ಕೋಡಂಬಾಕ್ಕಂ ರೈಲ್ವೆ ಗೇಟು ಮುಚ್ಚಿತ್ತು. ಗೇಟಿನ ಈಚೆ ಕಾರುಗಳು, ಜಟಕಾಗಳು, ಪೌರಾಣಿಕ ವೇಷದಲ್ಲೇ ಬೀಡಿ ಸೇದುತ್ತಿದ್ದ ಇಬ್ಬರು ಸೈನಿಕರು, ಅವರ ಪಕ್ಕದಲ್ಲಿ ನಮ್ಮ ನಿರ್ದೇಶಕರು ಛತ್ರಿ ಹಿಡಿದು ನಿಂತಿದ್ದರು. ಅಲ್ಲೇ ಎಲ್ಲವನ್ನೂ ಒದರಿಬಿಟ್ಟೆ. ಅವರು ಬಹಳ ಹೊತ್ತು ಹಳಿಯನ್ನೇ ನೋಡಿದರು.

"ಅಲ್ಲಯ್ಯಾ, ಒಂದೊಂದು ಅಡಿ ಫಿಲಂಗೂ ನಿದ್ದೆಗೆಟ್ಟಿದ್ದೀನಿ. ಅರ್ಧ ನೋಡಿದವನಿಗೆ ಏನು ಸಿಗುತ್ತೆ?"

"ಹೊಳೆ ಸಿಗುತ್ತೆ ಸಾರ್" ಅಂದೆ. ಬೇರೆ ಏನೂ ಹೊಳೆಯದೆ ಅಂದದ್ದು. ಅಡುಗೆಮನೆಯಲ್ಲಿ ನೋಟೀಸು ಕೈಯಿಂದ ಕೈಗೆ ಹೋದದ್ದನ್ನು ಹೇಳಿದೆ, ಬಡಿಸುವವರು ನೀರು ಹಂದತ್ತಾ ಎಂದು ಕೇಳಿದ್ದನ್ನೂ ಹೇಳಿದೆ. ರೈಲು ಬಂತು, ನಮ್ಮ ಮಾತು ಮುಳುಗಿತು. ಡಬ್ಬಿಗಳೆಲ್ಲ ದಾಟಿ ಹೋದ ಮೇಲೆ ನೋಡಿದರೆ ಅವರು ಛತ್ರಿ ಮಡಿಸಿದ್ದರು.

"ಹಾಲು ತುಂಬುತ್ತೆ ತಾನೆ?"

"ಎರಡು ಸಲ ತುಂಬುತ್ತೆ ಸಾರ್."

"ಆಗಲಿ ಕಣಯ್ಯಾ" ಅಂದರು.

ಭಾನುವಾರ ನಾನು ಮಾಡಿದ ವ್ಯವಸ್ಥೆ ನೋಡಬೇಕಿತ್ತು. ಈಗಲೂ ನೆನೆದರೆ ನನ್ನ ಬೆನ್ನು ನಾನೇ ತಟ್ಟಿಕೊಂಡು, ಆಮೇಲೆ ಅದೇ ಕೈಯಿಂದ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಒಳಗೆ ಹೋಗುವವರೂ ಹೊರಗೆ ಬರುವವರೂ ಒಂದೇ ಗೇಟಿನಲ್ಲಿ ಸಿಕ್ಕಿಕೊಂಡರೆ ನೂಕುನುಗ್ಗಲಾದೀತು, ವಿತರಕರ ಕಣ್ಣಿಗೆ ಅಸಹ್ಯವಾದೀತು. ಅದಕ್ಕೆ ಊಟದವರು ಮುಂದಿನ ದೊಡ್ಡ ಗೇಟಿನಿಂದ ಹೊರಟುಹೋಗುವುದು, ತಿಂಡಿಯವರು ಹಿಂದಿನ ಓಣಿಯಲ್ಲಿ ಸದ್ದಿಲ್ಲದೆ ಸಾಲು ನಿಂತು ಪಕ್ಕದ ಬಾಗಿಲಿನಿಂದ ಬರುವುದು. ಔಟ್‌ಪಾಸ್ ಚೀಟಿಗಳನ್ನು ಹೋಟೆಲಿಗೊಬ್ಬರಂತೆ ಒಳಗೇ ಒಟ್ಟು ಮಾಡಿ ಓಣಿಗೆ ದಾಟಿಸುವುದು. ಮುಂಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟಿ, ಹೌಸ್‌ಫುಲ್ ಹಲಗೆ ತೂಗುಹಾಕಿಸಿ, ವಿತರಕರಿಗೆಂದು ಬಾಲ್ಕನಿಯಲ್ಲಿ ಒಂದು ಸೀಟು ಇಡಿಸಿದೆ.

ಒಂಬತ್ತಾಯಿತು, ವಿತರಕರು ಬರಲಿಲ್ಲ. ಹಾಲು ತುಂಬಿತ್ತು. ಕಾಯಲು ಆಗುವುದಿಲ್ಲ, ಹತ್ತೂವರೆಗೆ ಎಲೆ ಹಾಕಬೇಕು. ಆಟ ಶುರು ಮಾಡಿಸಿದೆ.

ನಾನು ಪ್ರೊಜೆಕ್ಟರ್ ಕೋಣೆಯ ಸಣ್ಣ ಕಿಂಡಿಯಿಂದ ನೋಡುತ್ತಿದ್ದೆ. ಹಾಲು ತುಂಬ ಒಗ್ಗರಣೆಯ ವಾಸನೆ. ಅಷ್ಟು ಜನರ ಬಟ್ಟೆಗಳಲ್ಲಿ ಸೇರಿಕೊಂಡ ಇಂಗು, ಕರಿಬೇವು. ಮೂರನೇ ರೀಲಿನಲ್ಲಿ ಹೊಳೆ ಮೊದಲ ಸಲ ಕಾಣಿಸುತ್ತದೆ. ಮಾತಿಲ್ಲ, ಹಾಡಿಲ್ಲ, ಬೆಳಗಿನ ಮಂಜಿನೊಳಗಿಂದ ನೀರು ಸುಮ್ಮನೆ ಬರುತ್ತದೆ. ಕತ್ತಲಲ್ಲಿ ಎಲ್ಲೋ ಒಬ್ಬರು "ಅಗಾ ಕಾಣ್" ಅಂದರು. ಇನ್ನೊಂದು ಮೂಲೆಯಿಂದ ದೋಣಿ ದಾಟುವ ಒಂದು ಕಡವಿನ ಹೆಸರು ಕೇಳಿತು. ಮತ್ತೊಬ್ಬರು ಒಂದು ದೈವದ ಕಟ್ಟೆಯ ಹೆಸರು ಹೇಳಿದರು. ಆ ಮರ, ಆ ತಿರುವು, ಆಚೆಯ ಗದ್ದೆ, ಯಾರದೋ ಮನೆ. ಜೋರಾಗಿ ಅಲ್ಲ, ನಿದ್ದೆಯಲ್ಲಿ ಮಾತಾಡುವವರ ಹಾಗೆ. ಪರದೆಯ ಬೆಳಕು ಅವರ ಮುಖಗಳ ಮೇಲೆ ಅಲುಗುತ್ತಿತ್ತು. ನನಗೂ ಒಂದು ಕ್ಷಣ ಎಲ್ಲಿದ್ದೇನೆಂಬುದು ಮರೆತುಹೋಯಿತು. ಕಣ್ಣು ತುಂಬಿ ಬಂತು, ಒರೆಸಿಕೊಂಡೆ.

ಏಳನೇ ರೀಲಿನ ಕೊನೆಯಲ್ಲಿ ಅವಳು ದಡಕ್ಕೆ ಬಂದು, ಆಚೆಯ ದೀಪ ಕಂಡು, ಎರಡೂ ಕೈ ಬಾಯಿಗೆ ಹಿಡಿದು ಕೂಗುತ್ತಾಳೆ. ಕೂಗು ನೀರಿನ ಮೇಲೆ ಹೋಗುತ್ತಿರುವಾಗಲೇ ಇಂಟರ್ವಲ್.

ದೀಪ ಹತ್ತಿತು. ಯಾರೂ ಏಳಲಿಲ್ಲ. ಕೆಳಗೆ ಓಡಿ ಹೋಗಿ, "ಹೊತ್ತಾಯ್ತ್, ಏಳಿ, ಏಳಿ!" ಎಂದು ಕೂಗಿದೆ. ಎಲ್ಲೋ ಇದ್ದವರು ತಟ್ಟನೆ ಮದರಾಸಿಗೆ ಬಂದುಬಿಟ್ಟರು. ಎದ್ದರು, ಗಡಿಯಾರ ನೋಡಿದರು, ಆಮೇಲೆ ಓಡಿದರು. ಪಂಚೆ ಮೇಲಕ್ಕೆ ಕಟ್ಟಿಕೊಂಡು, ಮೂಗು ಒರೆಸಿಕೊಂಡು, ಮುಂದಿನ ಗೇಟಿನಿಂದ ಅಷ್ಟೂ ಜನ ಹೋ ಎಂದು ಹೊರಗೆ ಸುರಿದರು. ಸೈಕಲ್ ಹತ್ತಿದವರು, ಜಟಕಾಕ್ಕೆ ಜೋತುಬಿದ್ದವರು, ಬಸ್ಸಿನ ಹಿಂದೆ ಓಡಿದವರು. ಒಬ್ಬರೂ ಹಿಂದೆ ತಿರುಗಿ ನೋಡಲಿಲ್ಲ.

ಆಗಲೇ ಆ ಕಪ್ಪು ಕಾರು ಗೇಟಿನೆದುರು ಬಂದು ನಿಂತಿತು. ವಿತರಕರು ಬೆಳಗಿನ ಲಿಂಗಪೂಜೆ ಮುಗಿಸದೆ ಹೊಸಿಲು ದಾಟುವವರಲ್ಲ. ಅಂದು ಮನೆಗೆ ಸ್ವಾಮಿಗಳು ಬಂದಿದ್ದರಂತೆ, ಪೂಜೆ ತಡವಾಗಿತ್ತು. ಕಾರಿನ ಬಾಗಿಲು ತೆರೆಯಿತು. ಅವರ ಒಂದು ಕಾಲು ಕೆಳಗೆ ಇಳಿಯಿತು. ಎದುರಿಗೆ ತೋರಣ, ಹೌಸ್‌ಫುಲ್ ಹಲಗೆ, ಅದರ ಕೆಳಗಿನಿಂದ ಎದ್ದೋ ಬಿದ್ದೋ ಎಂದು ಪರಾರಿಯಾಗುತ್ತಿರುವ ಹಾಲಿನ ತುಂಬ ಜನ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಕಾಲು ಒಳಗೆ ಹೋಯಿತು, ಬಾಗಿಲು ಮುಚ್ಚಿತು.

"ಸಾಹುಕಾರ್ರೇ, ನಿಲ್ಲಿ! ಇನ್ನರ್ಧ ಓಣಿಯಲ್ಲಿದ್ದಾರೆ!" ಎಂದು ಕೂಗುತ್ತ ಓಡಿದೆ. ನನ್ನ ದನಿ ನನಗೇ ಹುಚ್ಚರ ದನಿಯಂತೆ ಕೇಳಿಸಿತು. ಕಾರು ಮೌಂಟ್ ರೋಡಿಗೆ ತಿರುಗಿತು. ಹಿಂದಿರುಗಿ ಬಂದಾಗ ಪಕ್ಕದ ಬಾಗಿಲಿನಿಂದ ಭಟ್ಟರ ಗುಂಪು ಸದ್ದಿಲ್ಲದೆ, ನಾನು ಹೇಳಿಕೊಟ್ಟಂತೆಯೇ ಸಾಲಾಗಿ ಬಂದು ಸೀಟು ಹಿಡಿಯುತ್ತಿತ್ತು. ನಿರ್ದೇಶಕರು ಮುಂದಿನ ಗೇಟಿನ ಕಂಬಕ್ಕೆ ಒರಗಿ ನಿಂತಿದ್ದರು. ಎಲ್ಲವನ್ನೂ ನೋಡಿದ್ದರು.

ಮಧ್ಯಾಹ್ನವೇ ಸೌಕಾರ್‌ಪೇಟೆಗೆ ಹೋಗಿ, ವಿತರಕರ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿದೆ. ಹೋಟೆಲಿನ ಪದ್ಧತಿ ಹೇಳಿದೆ, ಚೀಟಿಯ ಕಥೆ ಹೇಳಿದೆ. ಅವರು ಸಮಾಧಾನವಾಗಿ ಕೇಳಿದರು. ಮಜ್ಜಿಗೆ ತರಿಸಿ ಕೊಟ್ಟರು.

"ನೀ ಹೇಳೂದು ಸುಳ್ಳಲ್ಲ ತಮ್ಮಾ. ಆದ್ರ ನಾ ಕೇಳಿದ್ದು ಕೊನೀತನಕ ಕುಂತು ನೋಡೂ ಮಂದಿನ್ನ. ನೀ ತೋರಿಸಿದ್ದು ಎದ್ದು ಓಡೂ ಮಂದಿನ್ನ." ಮತ್ತೆ ಅಂದರು, "ಈಗರ ಏನಾತು? ಆಕಿನ್ನ ದಡಾ ಮುಟ್ಟಸಲಿ. ನನ್ನ ಮಾತು ನನ್ನ ಮಾತೇ. ಎರಡನೇ ಪಿಕ್ಚರ್ ಕೊಡ್ತೀನಿ."

ಅದನ್ನು ಹೊತ್ತುಕೊಂಡು ಕುಣಿಯುತ್ತ ನಿರ್ದೇಶಕರ ರೂಮಿಗೆ ಹೋದೆ. ಅವರು ಈಜಿಚೇರಿನಲ್ಲಿ ಕಣ್ಣು ಮುಚ್ಚಿಕೊಂಡೇ ಕೇಳಿ, "ಆಗಲ್ಲ ಅಂತ ಹೇಳಿಬಿಡಯ್ಯಾ" ಅಂದರು. ನನಗೆ ಪಿತ್ತ ನೆತ್ತಿಗೇರಿತು. ಜನ್ಮವಿಡೀ ಕ್ಲಾಪ್ ಹೊಡೆಯುತ್ತ ಇರಿ, ನಿಮ್ಮ ಹಣೆಬರಹ, ಎಂದು ಕೂಗಿದೆ. ವಯಸ್ಸಿನಲ್ಲಿ ದೊಡ್ಡವರಿಗೆ ಹಾಗೆ ಅನ್ನಬಾರದಿತ್ತು. ಮರುದಿನ ನಾನೇ ಹೋಗಿ ಆಗುವುದಿಲ್ಲವೆಂದು ವಿತರಕರಿಗೆ ಹೇಳಿ ಬಂದೆ. ಎರಡನೇ ಚಿತ್ರದ ಮಾತು ಅಲ್ಲಿಗೆ ಮುಗಿಯಿತು.

ಆ ವಾರ ಮುಖ ಮುಖ ನೋಡದೆ ಕಳೆದೆವು. ವಾರದ ಕೊನೆಗೆ ನಾನೇ ಸೋತು ಅವರನ್ನು ಮಾವನ ಹೋಟೆಲಿಗೆ ಕರೆದುಕೊಂಡು ಹೋದೆ. ಅದೇ ಮೂರು ಗಂಟೆಯ ಹೊತ್ತು, ಮೇಜುಗಳೆಲ್ಲ ಖಾಲಿ. ಕಾಫಿ ಹೇಳಿ ಕೂತಿದ್ದೇವೆ, ಅಡುಗೆಮನೆಯಿಂದ ಜಗಳ ಕೇಳಿಸಿತು.

"ಸೇರ್ತ್ಲ್ ಮಾರಾಯ್ರೆ! ಅಬ್ಬಿ ದಣಪಿ ಹತ್ರವೇ ನಿಂತ್ಕಂಡಿದ್ಲ್!" ತಾಯಿ ಬೇಲಿಯ ಬಾಗಿಲಲ್ಲೇ ಕಾದು ನಿಂತಿದ್ದಳಂತೆ.

"ಎಲ್ಲಿ ಸೇರುದ್? ನಾ ಕಣ್ಣಾರೆ ಕಂಡಿದೆ. ಮುಳ್ಗ್ತ್ಲ್ ಅವ್ಳ್."

"ನಿಮ್ಗೆ ಎಂತ ಗೊತ್ತಿತ್ತ್ ಭಟ್ರೆ? ನಂಗೆ ಡೈರೆಕ್ಟ್ರೇ ಹೇಳಿದ್!"

ನಾನು ನಿರ್ದೇಶಕರ ಕಡೆ ತಿರುಗಿದೆ. ಅವರು ಕಾಫಿಯ ಲೋಟದೊಳಗೆ ಬಗ್ಗಿ ಏನೋ ಹುಡುಕುತ್ತಿದ್ದರು. ಅಷ್ಟರಲ್ಲಿ ಒದ್ದೆ ಪಂಚೆಯ ಆ ಬಡಿಸುವವರು ಬಾಗಿಲಿಗೆ ಬಂದರು, ಅವರನ್ನು ಕಂಡರು, ಮುಖ ಅರಳಿತು.

"ಹ್ವಾಯ್, ದೇವ್ರ್ ಕಳ್ಸಿದಂಗೆ ಬಂದ್ರಿ! ನೀವೇ ಹೇಳಿ ಸಾರ್ ಇವ್ರಿಗೆ. ಅವತ್ತ್ ಗೇಟಿನ್ ಹತ್ರ ನಾ ಕೇಂಡಾಗ ನೀವ್ ಎಂತ ಹೇಳಿದ್ದ್? ಸೇರ್ತ್ಲ್ ಅಲ್ದಾ?"

ಅವರ ಹಿಂದೆ ಭಟ್ಟರು ಕೈಯಲ್ಲಿ ದೋಸೆಯ ಸಟ್ಟುಗ ಹಿಡಿದು ನಿಂತಿದ್ದರು. ಭಟ್ಟರ ಹಿಂದೆ ಇಡೀ ಅಡುಗೆಮನೆ. ನಿರ್ದೇಶಕರು ಎದ್ದು ನಿಂತರು. ಹತ್ತು ಜನರೆದುರು ಮಾತಾಡಬೇಕಾದರೆ ತೊದಲುವ ಮನುಷ್ಯ.

"ಸೇರ್ತಾಳೆ" ಅಂದರು. "ಭಟ್ರೇ, ನೀವು ಆಗ ಕಣ್ಣೊರೆಸ್ಕೋತಾ ಇದ್ರಿ ಅಂತ ಕಾಣುತ್ತೆ. ಅದು ಒಂದೇ ಕ್ಷಣ ಬರೋದು. ನೋಡಿಲ್ಲ ನೀವು."

ಭಟ್ಟರು ಅವರನ್ನೇ ದಿಟ್ಟಿಸಿದರು. ಕೊನೆಯ ರೀಲಿನ ಕೊನೆಯ ಚೌಕದವರೆಗೂ ಕೂತು ನೋಡಿದ ಮನುಷ್ಯ. ಆಮೇಲೆ ಬಡಿಸುವವರ ಮುಖ ನೋಡಿದರು. ಸಟ್ಟುಗ ಕೆಳಗಿಳಿಸಿ, "ಇಪ್ಪುಕೂ ಸಾಕ್. ಕಣ್ಣಂಗೆ ನೀರಿತ್ತ್ ನಂಗೆ" ಎಂದರು. ಇದ್ದರೂ ಇದ್ದೀತು ಎಂದು ಒಪ್ಪಿದವರಂತೆ ಒಳಗೆ ಹೋದರು.

"ನಾ ಹೇಳಲ್ಯಾ?" ಎಂದು ಗೆದ್ದ ದನಿಯಲ್ಲಿ ಕೇಳುತ್ತ ಬಡಿಸುವವರೂ ಹಿಂದೆಯೇ ಹೋದರು.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಸಾಹುಕಾರರು ಕೇಳಿದ್ದೂ ಇದನ್ನೇ ಅಲ್ಲವಾ ಸಾರ್? ಅವರಿಗೆ ಆಗಲ್ಲ ಅಂದಿರಿ. ಒಂದು ಇಡೀ ಸಿನಿಮಾ ಬಿಟ್ಟುಕೊಟ್ಟಿರಿ. ಇವರಿಗೆ ಮಾತ್ರ..."

ಅವರು ಛತ್ರಿ ಬಿಚ್ಚಿ, ನನ್ನ ತಲೆಗೂ ನೆರಳು ಬೀಳುವಂತೆ ಹಿಡಿದರು. ಸ್ವಲ್ಪ ದೂರ ನಡೆದೆವು.

"ಆ ಮನುಷ್ಯ ಓಡ್ತಾ ಓಡ್ತಾ ಕೇಳಿದ ಕಣಯ್ಯಾ" ಅಂದರು. "ನಿಂತು ಕೇಳೋಕೂ ಅವನಿಗೆ ಟೈಮಿರಲಿಲ್ಲ. ಅವಳನ್ನ ಹೊಳೇಲಿ ಬಿಟ್ಟು ಹೋಗಿ ಅವನು ಜನಕ್ಕೆ ಹೇಗಯ್ಯಾ ಅನ್ನ ಬಡಿಸ್ತಾನೆ?"